ಚೀಲದಕ್ಕನ ಹಟ

ಆಪರೇಷನ್ ಥಿಯೇಟರಿನಲ್ಲಿ ಡಾಕ್ಟರ ಕೈಗೆ ಸಲಕರಣೆ ಕೊಡುವ ಆ ನರ್ಸಿಗೆ ನಾವೆಲ್ಲ ‘ಚೀಲದಕ್ಕ’ ಅನ್ನುತ್ತಿದ್ದೆವು. ಕುಳ್ಳಗಿದ್ದರು, ಕಾಲಡಿಗೆ ಮಣೆ ಹಾಕಿಕೊಂಡು ನಿಲ್ಲುತ್ತಿದ್ದರು. ನಾನು ರೋಗಿಯ ತಲೆಯ ಬಳಿ ಕೂತು ಅರಿವಳಿಕೆ ಯಂತ್ರ ನೋಡಿಕೊಳ್ಳುವವನು. ಹದಿನಾರು ವರ್ಷ ಅವರ ಕೆಲಸ ಕಣ್ಣಾರೆ ಕಂಡಿದ್ದೇನೆ.

ಹೊಟ್ಟೆಗೆ ಸಣ್ಣ ತೂತು ಮಾಡಿ ನಡೆಸುವ ಆಪರೇಷನ್ನಿನಲ್ಲಿ, ಒಳಗೆ ಕತ್ತರಿಸಿದ್ದನ್ನು ಅದೇ ತೂತಿನಿಂದ ಎಳೆಯಬೇಕು. ಎಳೆಯುವಾಗ ಹರಿದು, ಅದರಲ್ಲೇನಾದರೂ ಕ್ಯಾನ್ಸರ್ ಇದ್ದರೆ, ಗಾಯದ ಅಂಚಿಗೆ ಅಂಟಿ ಅಲ್ಲೇ ಬೆಳೆಯಬಹುದು. ಅದಕ್ಕೇ ಪ್ಲಾಸ್ಟಿಕ್ ಚೀಲವೊಂದನ್ನು ಒಳಗಿಳಿಸಿ, ಅದರಲ್ಲಿ ತುಂಬಿ, ಬಾಯಿ ಬಿಗಿದು ಹೊರತರುವುದು. ಕ್ಯಾನ್ಸರ್ ಎಂದು ಮೊದಲೇ ಗೊತ್ತಿದ್ದರೆ ಎಲ್ಲರೂ ಹೀಗೇ ಮಾಡುತ್ತಾರೆ. ಗೊತ್ತಿಲ್ಲದಾಗಲೂ ಮಾಡಬೇಕೆಂಬುದು ಅಕ್ಕನ ಹಟ.

ಕಾರಣವಿತ್ತು. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಗಿನ ಡಾಕ್ಟರು ಒಬ್ಬ ಟೈಲರ್ ಹೆಂಗಸಿನ ಪಿತ್ತಕೋಶವನ್ನು ಚೀಲವಿಲ್ಲದೆ ತೆಗೆದಿದ್ದರಂತೆ. ಎಂಟು ತಿಂಗಳಿಗೆ ಆಕೆ ಹೊಕ್ಕುಳ ಪಕ್ಕದ ಗೋಲಿಯಂಥ ಗಂಟು ತೋರಿಸಿ, “ಸಿಸ್ಟರ್, ಹೊಲಿಗೆ ಸರಿಯಾಗಿ ಬಿದ್ದಿಲ್ವಾ?” ಎಂದು ಕೇಳಿದರಂತೆ. ಅದು ಕ್ಯಾನ್ಸರ್ ಗಂಟು. ಆಕೆ ಉಳಿಯಲಿಲ್ಲ.

ಒಂದು ಬೆಳಗ್ಗೆ ಬಸ್ ಡ್ರೈವರೊಬ್ಬರ ಸರದಿ. ಪಿತ್ತಕೋಶದಲ್ಲಿ ಕಲ್ಲು. ಡಾಕ್ಟರ್ ಹೊಸಬರು, ಚುರುಕಿನ ಕೈ.

“ಅಕ್ಕಾ, ಇಕ್ಕಳ ಕೊಡಿ. ಹಾಗೇ ಎಳೆದುಬಿಡ್ತೀನಿ.”

“ಚೀಲ ಹಾಕಿ ಸಾರ್.”

“ಸ್ಕ್ಯಾನಲ್ಲಿ ಏನೂ ಇಲ್ಲ ಕಣ್ರೀ!”

“ಸ್ಕ್ಯಾನಿಗೆ ಕಾಣದೇ ಇರೋದೂ ಇರುತ್ತಲ್ಲ ಸಾರ್.”

“ಇನ್ನೂ ನಾಲ್ಕು ಕೇಸಿದೆ, ತಲೆ ತಿನ್ಬೇಡಿ.”

ಅಕ್ಕ ಇಕ್ಕಳ ಮುಟ್ಟಲಿಲ್ಲ. ಚೀಲ ಹಿಡಿದ ಕೈ ಚಾಚಿದಂತೆಯೇ ಇತ್ತು. “ಎರಡು ನಿಮಿಷದ ಕೆಲಸ. ಆಮೇಲೆ ಎಷ್ಟು ಬೇಕಾದ್ರೂ ಬೈರಿ, ಕೇಳಿಸ್ಕೋತೀನಿ.”

ನಾನು ಉಸಿರು ಬಿಗಿಹಿಡಿದೆ. ಯಂತ್ರ ಉಸಿರು ಕೊಡುತ್ತಿದ್ದದ್ದು ರೋಗಿಗೆ, ನನಗಲ್ಲ!

ಡಾಕ್ಟರ್ ಗೊಣಗುತ್ತಲೇ ಚೀಲ ತೆಗೆದುಕೊಂಡರು. ಪಿತ್ತಕೋಶ ತುಂಬಿ ಬಾಯಿ ಬಿಗಿದ ಚೀಲ ತೂತಿನ ಬಳಿ ಸಿಕ್ಕಿಕೊಂಡಿತು. ಜಗ್ಗಿದಾಗ ಒಳಗೇ ಪಿತ್ತಕೋಶ ಹರಿದು, ಹಸಿರು ಪಿತ್ತ, ಕಲ್ಲು ಎಲ್ಲ ಚೀಲದಲ್ಲಿ ತುಂಬಿಕೊಂಡವು. ಹೊರಗೆ ಒಂದು ಹನಿಯೂ ಬೀಳಲಿಲ್ಲ.

ಹತ್ತು ದಿನಕ್ಕೆ ಲ್ಯಾಬ್ ವರದಿ ಬಂತು. ಪಿತ್ತಕೋಶದ ಗೋಡೆಯಲ್ಲಿ ಕ್ಯಾನ್ಸರ್, ಇನ್ನೂ ಚಿಕ್ಕದು. ಅಕ್ಕ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಡಾಕ್ಟರ್ ಕಾಗದ ಹಿಡಿದು ಬಂದು ಬಾಗಿಲಲ್ಲೇ ನಿಂತರು.

“ಅಕ್ಕಾ, ಅವತ್ತು ನೀವು ಬಿಟ್ಟುಕೊಟ್ಟಿದ್ರೆ...”

“ಅದಿರ್ಲಿ ಸಾರ್. ಡ್ರೈವರಿಗೆ ಹೇಳಿದ್ರಾ?”

“ಇನ್ನೊಂದು ಆಪರೇಷನ್ ಆಗ್ಬೇಕು. ಈಗ ಹೇಳೋಕೆ ಹೊರಟಿದ್ದೀನಿ.”

“ನಾನೂ ಬರ್ತೀನಿ. ಅವರ ಮನೆಯವರಿಗೆ ಕೈ ಹಿಡ್ಕೊಳ್ಳೋಕೆ ಯಾರಾದ್ರೂ ಬೇಕು.” ಡಬ್ಬಿ ಮುಚ್ಚಿ ಎದ್ದೇಬಿಟ್ಟರು.

ಎರಡನೆಯ ಆಪರೇಷನ್ನೂ ಆಯಿತು. ಈಗ ನಾಲ್ಕು ವರ್ಷ; ಪ್ರತಿ ತಪಾಸಣೆಯಲ್ಲೂ ಎಲ್ಲ ಸರಿಯಾಗಿದೆ. ಡ್ರೈವರ್ ಬಸ್ ಓಡಿಸುತ್ತಿದ್ದಾರೆ. ಡಾಕ್ಟರಂತೂ ಈಗ ಚಾಕು ಹಿಡಿಯುವ ಮೊದಲೇ “ಚೀಲ ಇದೆಯಾ?” ಎಂದು ಕೇಳುತ್ತಾರೆ.

ಆ ದಿನದ ವಾದ ಡ್ರೈವರಿಗೆ ಇಂದಿಗೂ ಗೊತ್ತಿಲ್ಲ. ಯಾಕೆ ಹೇಳಲಿಲ್ಲವೆಂದು ಅಕ್ಕನನ್ನು ಕೇಳಿದೆ.

“ಪಾಪ, ಅವತ್ತು ಅವರು ನಿದ್ದೆ ಮಾಡ್ತಿದ್ರು ಕಣಪ್ಪ,” ಎಂದು ನಕ್ಕು ಕೈ ತೊಳೆಯಲು ಹೋದರು.