ಚೀಟಿ ಅಕ್ಕನೂ ಗಿರಣಿ ಆಸ್ಪತ್ರೆಯ ಪೆಟ್ಟಿಗೆಗಳೂ

ಗಿರಣಿ ಆಸ್ಪತ್ರೆ ಚೀಟಿ ಅಕ್ಕನಿಗೆ ಒಂದು ಗರ್ಭಕೋಶದ ಲೆಕ್ಕ ಕೊಡುವುದು ಬಾಕಿ ಇದೆ. ಗಿರಣಿ ಮುಚ್ಚಿತು, ಆಸ್ಪತ್ರೆ ಮುಚ್ಚಿತು, ಆ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಬಾಕಿ ಹಾಗೇ ಇದೆ.

ಅಕ್ಕ ನೂಲು ಸುತ್ತುವ ವಿಭಾಗದಲ್ಲಿದ್ದಳು. ಒಬ್ಬಳು ಮಗಳಿದ್ದಳು, ಇನ್ನೊಂದು ಮಗು ಬೇಕೆಂಬ ಆಸೆಯಿತ್ತು. ಮುಟ್ಟಿನ ಹೊಟ್ಟೆನೋವು ಅಂತ ಗಿರಣಿ ಆಸ್ಪತ್ರೆಗೆ ಹೋದರೆ, ಒಳಗೆ ಸಣ್ಣ ಗಂಟಿದೆ, ತೆಗೆದರೆ ಸರಿಹೋಗುತ್ತದೆ ಎಂದರು ಡಾಕ್ಟರು. ಗಂಡ ಸಹಿ ಹಾಕಿದ. ಗಂಟು ತೆಗೆದರೋ ಬಿಟ್ಟರೋ, ಗರ್ಭಕೋಶವನ್ನಂತೂ ತೆಗೆದರು. ಅದನ್ನು ಅವಳಿಗೆ ಯಾರೂ ಹೇಳಲಿಲ್ಲ. ಮುಟ್ಟು ನಿಂತಾಗ ಬಸಿರೇನೋ ಅಂತ ಹಿಗ್ಗಿಕೊಂಡು ಬೇರೆ ಡಾಕ್ಟರ ಹತ್ತಿರ ಹೋದಳು, ಆಗ ತಿಳಿಯಿತು. ಊಟದ ಬಿಡುವಿನಲ್ಲಿ ಪಕ್ಕದ ಯಂತ್ರದವಳನ್ನು ಕೇಳಿದಳು. ಅವಳಿಗೂ ಗಂಟು. ಅದರಾಚೆಯವಳಿಗೂ ಗಂಟು. ಒಂದೇ ಸಾಲಿನ ಹೆಂಗಸರನ್ನೆಲ್ಲ ಹುಡುಕಿಕೊಂಡು ಬಂದ ಗಂಟು ಯಾವುದು? ಗಂಟು ತೆಗೆಸಿಕೊಂಡವರು ಆಮೇಲೆ ಹೊಟ್ಟೆನೋವಿಗೂ ರಜೆ ಕೇಳಲಿಲ್ಲ, ಬಾಣಂತನಕ್ಕೂ ಕೇಳಲಿಲ್ಲ. ಅಕ್ಕನಿಗೆ ಅನುಮಾನ ಅಂಟಿಕೊಂಡದ್ದು ಅಲ್ಲಿ. ಇವತ್ತಿಗೂ ಬಿಟ್ಟಿಲ್ಲ. ಅಮ್ಮ ಅಂಗಡಿಯ ಉಪ್ಪನ್ನೂ ನೀನು ಯಾರ ಕಡೆಯವನು ಅಂತ ಕೇಳಿಯೇ ಡಬ್ಬಿಗೆ ಹಾಕ್ತಾಳೆ ಅಂತ ಮಗಳು ಆಡಿಕೊಳ್ಳುತ್ತಾಳೆ.

ಆಮೇಲೆ ಗಿರಣಿಯಲ್ಲಿ ಮುಷ್ಕರವಾಯಿತು, ಅದರಲ್ಲಿ ಕೆಲಸ ಕಳೆದುಕೊಂಡ ನಾವೆಲ್ಲ ಸೇರಿ ಸೈಕಲ್ ಅಂಗಡಿಯ ಮಹಡಿಯಲ್ಲಿ ಹೆಂಗಸರ ದವಾಖಾನೆ ತೆರೆದೆವು. ಒಬ್ಬರು ಡಾಕ್ಟರಮ್ಮ, ಒಂದು ಮಂಚ, ಒಂದು ಪರದೆ. ಬಾಗಿಲ ಪಕ್ಕದ ಮೇಜು ಅಕ್ಕನದು, ಅಲ್ಲಿನ ಪದ್ಧತಿಯೂ ಅವಳದೇ. ಬಂದವಳ ಹೆಸರು ಕೇಳುವಂತಿಲ್ಲ. ದಪ್ಪ ಚೀಟಿಯ ಮೇಲರ್ಧದಲ್ಲಿ ಕಾಯಿಲೆ, ಔಷಧ ಬರೆಯುವುದು. ಎರಡೂ ಅರ್ಧಕ್ಕೆ ಒಂದೇ ನಂಬರು ಹಾಕಿ, ಕೆಳಗಿನ ಖಾಲಿ ಅರ್ಧವನ್ನು ಕೈಯಲ್ಲೇ ಅಂಕುಡೊಂಕಾಗಿ ಹರಿದು ಅವಳಿಗೆ ಕೊಡುವುದು. ಬರೆದ ಅರ್ಧ ನಮ್ಮ ಪೆಟ್ಟಿಗೆಗೆ. ಅವಳು ಮತ್ತೆ ಬಂದಾಗ ಎರಡು ಅಂಚೂ ಒಂದಕ್ಕೊಂದು ಕೂಡಬೇಕು. ಕೂಡದಿದ್ದರೆ ಗಂಡ ಬರಲಿ, ಅತ್ತೆ ಬರಲಿ, ಪೊಲೀಸರೇ ಬರಲಿ, ಚೀಟಿ ಹೊರಗೆ ಬರುವುದಿಲ್ಲ. ಒಬ್ಬ ಗಂಡ ಮಹಾಶಯ ಹರಿದ ಬಸ್ ಟಿಕೆಟ್ ಹಿಡಿದು ಬಂದು ಇದೇ ಅವಳ ಅರ್ಧ ಎಂದ. ಅಕ್ಕ ಅದನ್ನು ತಿರುಗಿಸಿ ನೋಡಿ, "ನಿಮ್ಮವರು ಬಸ್ಸಲ್ಲೇ ಉಳ್ಕೊಂಡಿದಾರೆ, ಡಿಪೋದಲ್ಲಿ ವಿಚಾರಿಸಿ" ಎಂದಳು.

ಡಾಕ್ಟರಮ್ಮ ತೀರಿಕೊಂಡ ಮೇಲೆ ದವಾಖಾನೆ ನಿಂತಿತು. ಪೆಟ್ಟಿಗೆಗಳು ಅಕ್ಕನ ಮಂಚದ ಕೆಳಗೆ ಸೇರಿದವು.

ಹೋದ ವರ್ಷ ಪತ್ರಾಗಾರದ ಮೇಡಂ ಒಬ್ಬರು ಮನೆಗೆ ಬಂದರು. ಹೆಂಗಸರ ಆರೋಗ್ಯದ ಚರಿತ್ರೆಗೆ ಸಂಬಂಧಿಸಿದ ಕಾಗದಪತ್ರಗಳನ್ನೆಲ್ಲ ಒಂದೆಡೆ ಸೇರಿಸುತ್ತಿದ್ದೇವೆ, ನಿಮ್ಮ ಪೆಟ್ಟಿಗೆಗಳನ್ನೂ ಕೊಡಿ ಎಂದರು. ಬೆಣ್ಣೆಯಂಥ ಮಾತು, ಹಾಗಾಗಿ ಅಕ್ಕನ ಹುಬ್ಬು ಇನ್ನಷ್ಟು ಗಂಟಾಯಿತು. ಓದುವವರು ಯಾರು, ಕೀಲಿ ಯಾರ ಹತ್ತಿರ, ಕಪಾಟಿಗೆ ದುಡ್ಡು ಹಾಕಿದವರು ಯಾರು ಅಂತ ಟೀ ಆರುವವರೆಗೂ ಕೆದಕಿದಳು. ಕೊನೆಗೆ ಒಂದೇ ಒಂದು ಪೆಟ್ಟಿಗೆ ಕೊಟ್ಟು, ಇವರ ಬಂಡವಾಳ ನೋಡೋಣ ಎಂದಳು.

ಒಂದು ತಿಂಗಳು ಬಿಟ್ಟು, ಹೇಳದೆ ಕೇಳದೆ ಹೋಗಿ ನಿಂತಳು. ಜೊತೆಗೆ ನಾನೂ ಇದ್ದೆ. ಮೇಡಂ ಸಂಭ್ರಮದಿಂದ ಚೀಟಿಗಳನ್ನು ತೋರಿಸಿದರು. ಹರಿದ ಅಂಚಿಗೆಲ್ಲ ತೆಳು ಕಾಗದ ಅಂಟಿಸಿ ಒಂದೊಂದನ್ನೂ ಚೊಕ್ಕ ಚೌಕ ಮಾಡಿದ್ದರು. ತುಂಬಾ ಹಾಳಾಗಿದ್ದವು, ರಿಪೇರಿ ಮಾಡಿಸಿದ್ದೇವೆ ಎಂದರು. ಇನ್ನು ಯಾವ ಹೆಂಗಸು ತನ್ನ ಅರ್ಧ ತಂದರೂ ಕೂಡುವಂತಿರಲಿಲ್ಲ. ಬೀಗದ ತೂತಿಗೆ ಮೇಣ ತುಂಬಿಸಿ ಬೀಗ ಹೊಸದಾಯ್ತು ಅಂತೀರಲ್ಲ ಎಂದಳು ಅಕ್ಕ. ವಿಷಯ ತಿಳಿದು ಮೇಡಂ ಮುಖ ಸಪ್ಪಗಾಯಿತು. ಅಂಟು ನೀರಿಗೆ ಬಿಡುತ್ತದಂತೆ, ಬಿಡಿಸಿಕೊಡುತ್ತೇನೆ ಎಂದರು.

ಅಕ್ಕನ ಕಣ್ಣು ಅಷ್ಟರಲ್ಲಿ ಹಿಂದಿನ ಕಪಾಟಿಗೆ ಹೋಗಿತ್ತು. ಅಲ್ಲಿ ಸಾಲಾಗಿ ಪೆಟ್ಟಿಗೆಗಳು, ಮೇಲೆ 'ಗಿರಣಿ ಆಸ್ಪತ್ರೆ, ಹೆಂಗಸರ ವಾರ್ಡು' ಎಂಬ ಪಟ್ಟಿ. ಅವು ಮಾಲೀಕರ ಮನೆಯವರು ಕೊಟ್ಟವು, ರೋಗಿಗಳ ಮಾನ ಕಾಪಾಡಲು ಐವತ್ತು ವರ್ಷ ತೆರೆಯಬಾರದೆಂದು ಷರತ್ತಿದೆ ಎಂದು ಮೇಡಂ ವಿವರಿಸಿದರು.

"ಆ ರೋಗಿ ನಾನೇ. ನನ್ನ ಮಾನ ನಾನು ನೋಡ್ಕೋತೀನಿ. ತೆಗೀರಿ."

"ಕೊಟ್ಟವರ ಒಪ್ಪಿಗೆ ಬೇಕಮ್ಮ. ಅವರ ಸಹಿ ಇಲ್ಲದೆ ಆಗಲ್ಲ."

ಅಕ್ಕ ದನಿ ಏರಿಸಲಿಲ್ಲ. "ಹೊಟ್ಟೆ ಕೊಯ್ಯೋವಾಗ ಗಂಡನ ಸಹಿ ಸಾಕಾಯ್ತು. ಈಗ ನೋಡೋಕೆ ಮಾಲೀಕರ ಸಹಿ. ನನ್ನ ಸಹಿ ಕೇಳೋದು ಯಾವಾಗ, ತಂಗಿ?"

ಅಂಟು ನಾನೇ ಬಿಡಿಸ್ಕೋತೀನಿ, ಆ ಪೆಟ್ಟಿಗೆಗಳನ್ನು ತೆರೆದ ದಿನ ನನ್ನವೂ ಬರುತ್ತವೆ ಅಂತ ಹೇಳಿ, ಕೊಟ್ಟಿದ್ದ ಪೆಟ್ಟಿಗೆಯನ್ನು ಅಕ್ಕ ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಮೆಟ್ಟಿಲವರೆಗೂ ಬಂದ ಮೇಡಂ ತಗ್ಗಿದ ದನಿಯಲ್ಲಿ ಒಂದು ಮಾತು ಹೇಳಿದರು: ಯಾರು ಬೇಕಾದರೂ ಆ ಪೆಟ್ಟಿಗೆ ಬೇಕೆಂದು ಬರೆದುಕೊಡಬಹುದು, ಇಲ್ಲವೆಂದರೆ ಪತ್ರಾಗಾರದವರು ಕಾರಣ ಬರೆದುಕೊಡಲೇಬೇಕು, ಬೇಡಿಕೆ ರಾಶಿ ಬಿದ್ದರೆ ಅವರ ಸಮಿತಿ ಷರತ್ತನ್ನು ಮತ್ತೆ ನೋಡಲೇಬೇಕು. ಇದನ್ನು ಹೇಳು ಅಂತ ಇವಳಿಗೆ ಹೇಳಿಕೊಟ್ಟವರು ಯಾರು ಅಂತ ಅಕ್ಕ ದಾರಿಯುದ್ದಕ್ಕೂ ಗೊಣಗಿದಳು. ಆದರೂ ಮರುದಿನ ಹೋಗಿ ಬರೆದುಕೊಟ್ಟಳು. ನಾವೂ ಬರೆದುಕೊಟ್ಟೆವು.

ಸಮಿತಿ ಇನ್ನೂ 'ಪರಿಶೀಲನೆಯಲ್ಲಿದೆ' ಎನ್ನುತ್ತಿದೆ. ನೂಲು ಸುತ್ತುತ್ತಿದ್ದ ಆ ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ. ಐವತ್ತು ವರ್ಷದ ಷರತ್ತು ಹಾಕಿದವರಿಗೆ ಈ ಲೆಕ್ಕ ಗೊತ್ತಿರಲಿಲ್ಲ ಅಂತ ಯಾರಾದರೂ ನಂಬಿದರೆ ನಂಬಲಿ.

ಅಕ್ಕನ ಕಥೆ ಓದಿ ಅಯ್ಯೋ ಪಾಪ ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ, ನೀವು ಅನ್ನಬೇಡಿ. ಪತ್ರಾಗಾರದ ಬಾಗಿಲು ಎಲ್ಲರಿಗೂ ತೆರೆದಿದೆ. ಈ ವಾರವೇ ಹೋಗಿ, ಗಿರಣಿ ಆಸ್ಪತ್ರೆಯ ಹೆಂಗಸರ ವಾರ್ಡಿನ ಪೆಟ್ಟಿಗೆ ಬೇಕು ಅಂತ ನಿಮ್ಮ ಸ್ವಂತ ಹೆಸರು ಹಾಕಿ ಬರೆದುಕೊಡಿ. ಕೊಡುವುದಿಲ್ಲ ಎಂದರೆ ಯಾಕೆ ಅಂತ ಬರೆಸಿಕೊಳ್ಳದೆ ಅಲ್ಲಿಂದ ಏಳಬೇಡಿ.