ರತ್ನಾವತಿಗೆ ಬಂದ ರಾಜನ ಜೋಡಿ

ಠಾಕುರ್ಲಿ ಸ್ಟೇಷನ್ನಿನ ಮಗ್ಗುಲಿನ ಸೊಸೈಟಿಯೊಂದರಲ್ಲಿ ಜಯಶೀಲ, ರತ್ನಾವತಿ ಎಂಬ ಗಂಡ ಹೆಂಡತಿ ದಿನಾ ಸಂಜೆ ಚಾ ಕುಡಿದ ಮೇಲೆ ಪೋಕರ್ ಆಡುತ್ತಾರೆ ಎಂದರೆ ಊರಲ್ಲಿ ಯಾರೂ ನಂಬಲಿಕ್ಕಿಲ್ಲ. ಅಯ್ಯೋ, ಜೂಜು ಅಂದುಕೊಳ್ಳಬೇಡಿ! ಪಣಕ್ಕೆ ಇಡುವುದು ರತ್ನಾವತಿಯ ಅಮ್ಮನ ಚೆನ್ನೆಮಣೆ ಆಟದ ಕೆಂಪು ಮಂಜೊಟ್ಟಿ ಕಾಳು. ಮಳೆಗಾಲದ ಆಟಿ ತಿಂಗಳು ಬಿಟ್ಟು ಬೇರೆ ಹೊತ್ತಿನಲ್ಲಿ ಚೆನ್ನೆಮಣೆ ಕೆಳಗಿಳಿಸಬಾರದೆಂದು ಅಮ್ಮ ಹೇಳಿದ್ದರು. ಇಳಿಸಬಾರದ್ದು ಮಣೆ ತಾನೇ, ಕಾಳಿಗೆ ಎಂತ ಶಾಸ್ತ್ರ ಎಂಬುದು ರತ್ನಾವತಿಯ ವಾದ. ವಾದದಲ್ಲಿ ಅವಳನ್ನು ಗೆದ್ದವರಿಲ್ಲ.

ಆಟ ಕಲಿತು ಬಂದವನು ಜಯಶೀಲ. ಕಾರ್ಕಳದ ಕಡೆಯಿಂದ ಬಂದು, ದಾದರಿನ ಹೊಟೇಲೊಂದರ ಗಲ್ಲೆಯಲ್ಲಿ ಕೂತು ಕೂದಲು ಹಣ್ಣು ಮಾಡಿಕೊಂಡ ಮನುಷ್ಯ. ಲೋಕಲ್ ಟ್ರೇನಿನಲ್ಲಿ ಮಡಿಲ ಮೇಲೆ ಬ್ಯಾಗ್ ಇಟ್ಟು ಇಸ್ಪೀಟು ಆಡುವ ಗ್ರೂಪಿನಲ್ಲಿ ಅವನಿಗೊಂದು ಹೆಸರಿತ್ತು: ಪ್ಯಾಕ್ ಅಣ್ಣ. ಎಲೆ ನೋಡುವುದು, "ಪ್ಯಾಕ್" ಎಂದು ಮಗುಚಿಟ್ಟು ಆಟ ಬಿಡುವುದು, ಕಿಟಕಿಯ ಹೊರಗೆ ನೋಡುವುದು. ದೀವಾ ಬಂತು, ಪ್ಯಾಕ್. ಠಾಣೆ ಬಂತು, ಪ್ಯಾಕ್. ಆದರೆ ಅಪರೂಪಕ್ಕೊಮ್ಮೆ ಅವನು ಪಣ ಹಾಕಿ ಮುಂದೆ ಬಂದನೋ, ಉಳಿದವರೆಲ್ಲ ಒಳ್ಳೊಳ್ಳೆಯ ಎಲೆಗಳನ್ನೂ ಬಿಸಾಡಿ ಕೈ ಮುಗಿಯುತ್ತಿದ್ದರು. ಅವನ ಕೈಯಲ್ಲಿ ಎಕ್ಕದ ಜೋಡಿ ಇದ್ದೇ ಇರುತ್ತಿತ್ತು.

ಸಂಸಾರದಲ್ಲೂ ಅವನು ಹಾಗೆಯೇ. ಮೇ ತಿಂಗಳಲ್ಲೇ ಕೊಡೆ ಹಿಡಿದು ಹೊರಡುವವನು. ಟ್ರೇನು ಪೂರ್ತಿ ನಿಲ್ಲದೆ ಕಾಲು ಕೆಳಗಿಟ್ಟವನಲ್ಲ. ಇಂಥವನನ್ನು ಕಟ್ಟಿಕೊಂಡು ರತ್ನಾವತಿ ಎಷ್ಟು ರೇಗಿದ್ದಳೋ ಅಷ್ಟೇ ನಿಶ್ಚಿಂತೆಯಿಂದ ಬದುಕಿದ್ದಳು.

ಆ ಮನುಷ್ಯ ಕಳೆದ ವರ್ಷ ಹಾಲು ತರಲು ಹೋಗಿ ನಾಲ್ಕು ಸ್ಟೇಷನ್ ಆಚೆಯ ಟಿಟ್ವಾಳಾದಲ್ಲಿ ಸಿಕ್ಕಿದ. ಪಕ್ಕದ ಮನೆಯ ಮನೀಶ್ ಅಲ್ಲಿನ ಪ್ಲಾಟ್‌ಫಾರ್ಮಿನಲ್ಲಿ ಅವನು ಕೂತಿದ್ದನ್ನು ಕಂಡು ಕರೆತಂದ. ಠಾಣೆಯ ಡಾಕ್ಟರು ನಾಲ್ಕು ಪ್ರಶ್ನೆ ಕೇಳಿ, ಇದು ಮರೆವಿನ ಕಾಯಿಲೆ, ಔಷಧಿ ಶುರು ಮಾಡಿ, ಒಬ್ಬರನ್ನೇ ಬಿಡಬೇಡಿ ಎಂದರು. ರತ್ನಾವತಿಗೆ ಎಲ್ಲಿತ್ತೋ ಸಿಟ್ಟು!

"ಇವತ್ತು ಯಾವ ವಾರ ಅಂತ ಕೇಳುವುದು ಒಂದು ಪರೀಕ್ಷೆಯಾ? ರಿಟೈರ್ ಆದವರಿಗೆ ಎಲ್ಲಾ ವಾರವೂ ಒಂದೇ. ನನ್ನ ಜೊತೆ ಕೂತು ಪೋಕರ್ ಆಡ್ತಾರೆ. ಬುದ್ಧಿ ಹೋದವರು ಪೋಕರ್ ಆಡ್ಲಿಕ್ಕುಂಟಾ?"

ಅಂದಿನಿಂದ ಅವಳಿಗೆ ಆಟವೇ ಆಧಾರ. ಜಯಶೀಲ ಇನ್ನೂ ಹತ್ತಿಪ್ಪತ್ತು ಸಲ ಪ್ಯಾಕ್ ಎನ್ನುತ್ತಿದ್ದ, ಒಮ್ಮೆ ಕಾಳು ಮುಂದೆ ಸರಿಸುತ್ತಿದ್ದ. ಅವನು ಸರಿಸಿದಾಗ ಅವಳು ಎಲೆ ಬಿಟ್ಟುಕೊಡುತ್ತಿದ್ದಳು, ಒಳಗೊಳಗೇ ದೇವರಿಗೆ ಕೈ ಮುಗಿಯುತ್ತಿದ್ದಳು. ನನ್ನ ಗಂಡ ಎಲ್ಲಿಗೂ ಹೋಗಿಲ್ಲ, ಇಲ್ಲೇ ಇದ್ದಾನೆ. ನೆರೂಳದಲ್ಲಿದ್ದ ಮಗಳು ಜ್ಯೋತ್ಸ್ನಾ ಫೋನು ಮಾಡಿ ಇನ್ನೂ ಶುರು ಮಾಡದ ಔಷಧಿಯ ಮಾತೆತ್ತಿದಾಗಲೆಲ್ಲ, "ನಿನ್ನೆಯೂ ನನ್ನನ್ನು ಸೋಲಿಸಿದ್ದಾರೆ, ಗೊತ್ತುಂಟಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅವತ್ತು ಬೆಳಿಗ್ಗೆ ಮಾತ್ರ ಜ್ಯೋತ್ಸ್ನಾ ಬಾಯಿ ಮುಚ್ಚಲಿಲ್ಲ. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲೇ ಉತ್ತರ. "ಮಮ್ಮೀ, ಪಪ್ಪಾ ಕೇ ಪತ್ತೇ ಕಭೀ ದೇಖೇ ಹೈಂ ಕ್ಯಾ ಆಪ್ನೇ?" ಎಂದಳು. ಪಪ್ಪನ ಎಲೆ ಯಾವತ್ತಾದರೂ ನೋಡಿದ್ದೀಯಾ?

"ನನಗೆ ಬುದ್ಧಿ ಹೇಳ್ಲಿಕ್ಕೆ ಬರಬೇಡ" ಎಂದು ರತ್ನಾವತಿ ಫೋನು ಕಟ್ ಮಾಡಿದಳು. ಮಾತು ಮಾತ್ರ ಮೀನಿನ ಮುಳ್ಳಿನಂತೆ ಗಂಟಲಲ್ಲೇ ಉಳಿಯಿತು.

ಸಂಜೆ ಎಲೆ ಹಂಚಿದರು. ಇಬ್ಬರಿಗೂ ಎರಡೆರಡು, ಮಧ್ಯೆ ಒಂದೊಂದಾಗಿ ಐದು. ರತ್ನಾವತಿ ತನ್ನ ಎರಡನ್ನು ಎತ್ತಿ ನೋಡಿದರೆ ಆಟಿನ್ ರಾಜ, ಕಳಾವರ್ ರಾಜ! ಇದಕ್ಕಿಂತ ಮೇಲಿನ ಜೋಡಿ ಒಂದೇ, ಎಕ್ಕದ್ದು. ಮಧ್ಯದ ಐದೂ ಚಿಲ್ಲರೆ ಎಲೆಗಳು, ಯಾರಿಗೂ ಪ್ರಯೋಜನಕ್ಕಿಲ್ಲ. ಬೇರೆ ಯಾರೇ ಎದುರಿಗಿದ್ದರೂ ಕಣ್ಣು ಮುಚ್ಚಿ ಎಲ್ಲವನ್ನೂ ಸುರಿಯಬಹುದಿತ್ತು.

ಅಷ್ಟರಲ್ಲಿ ಜಯಶೀಲ ತನ್ನ ಎಲೆಗಳನ್ನು ನೋಡಿ, ಕಾಳನ್ನೆಲ್ಲ ಎರಡೂ ಕೈಯಿಂದ ಬಾಚಿ ಮುಂದೆ ತಳ್ಳಿದ.

ರತ್ನಾವತಿಯ ಕೈ ಅಭ್ಯಾಸಬಲದಿಂದ ರಾಜರನ್ನು ಮಗುಚಲು ಹೊರಟಿತು. ಈ ಮನುಷ್ಯನ ಎದುರು ರಾಜನ ಜೋಡಿಯೂ ಒಣ ತರಗೆಲೆ. ಬಿಟ್ಟುಕೊಡುವುದೇ ಜಾಣತನ. ಆದರೆ ಬಿಟ್ಟುಕೊಟ್ಟರೆ ಅವನು ಎಲೆ ತೋರಿಸಬೇಕಾಗಿಲ್ಲ, ಆಟದ ನಿಯಮವೇ ಅದು. ಆಗ ಅವಳಿಗೆ ಹೊಳೆಯಿತು. ಕಾಯಿಲೆ ಶುರುವಾದಂದಿನಿಂದ ಅವನು ಪ್ಯಾಕ್ ಎಂದ ಎಲೆಯೂ ಮಗುಚಿಯೇ ಇತ್ತು, ಗೆದ್ದ ಎಲೆಯೂ ಮಗುಚಿಯೇ ಇತ್ತು. ತಾನು ಒಂದು ಸಲವೂ ನೋಡಿರಲಿಲ್ಲ. ಅವನು ಗೆದ್ದದ್ದೆಲ್ಲ ತಾನು ಬಿಟ್ಟುಕೊಟ್ಟದ್ದಕ್ಕೆ. ಜಾಣ ಕುರುಡು ಅಂದರೆ ಇದೇ ಅಲ್ಲವೇ?

ದೇವರೇ, ಎಕ್ಕ ಇರಲಿ. ನಾನು ಸೋಲಬೇಕು, ಒಂದೇ ಒಂದು ಸಲ ಕಣ್ಣಾರೆ ಸೋಲಬೇಕು. ಹೀಗೆ ಬೇಡಿಕೊಂಡು ಆಡಿದವರು ಲೋಕದಲ್ಲಿ ಇದ್ದಾರೋ ಇಲ್ಲವೋ. ಅವಳು ತನ್ನ ಕಾಳನ್ನೂ ಪೂರ್ತಿ ಮುಂದೆ ತಳ್ಳಿದಳು.

"ತೋರಿಸಿ" ಎಂದಳು.

ಜಯಶೀಲ ನಕ್ಕ. ಗಲ್ಲೆಯಲ್ಲಿ ಕೂತು ಗಿರಾಕಿಗಳಿಗೆ ನಗುತ್ತಿದ್ದ ಅದೇ ನಗು. ಒಂದೊಂದೇ ಎಲೆಯನ್ನು ಮೆಲ್ಲಗೆ ಎತ್ತಿ ಅವಳ ಕಡೆ ತಿರುಗಿಸಿಟ್ಟ. ಒಂದು ನಾಲ್ಕು, ಒಂದು ಒಂಬತ್ತು.

"ಎಕ್ಕದ ಜೋಡಿ" ಎಂದ.

ಕಲ್ಯಾಣ ಕಡೆಯ ಟ್ರೇನು ಕಿಟಕಿಯ ಗಾಜು ಅಲುಗಿಸಿಕೊಂಡು ಹೋಯಿತು. ರತ್ನಾವತಿಗೆ ಅಳು ಒತ್ತರಿಸಿ ಬಂತು, ನುಂಗಿಕೊಂಡಳು. ತನ್ನ ಇಬ್ಬರು ರಾಜರನ್ನು ಅವನಿಗೆ ಕಾಣದ ಹಾಗೆ ಕಟ್ಟಿನೊಳಗೆ ತೂರಿಸಿದಳು.

"ಹೌದು, ಎಕ್ಕವೇ. ನೀವೇ ಗೆದ್ದದ್ದು" ಎಂದಳು.

"ಎಷ್ಟು ಸಲ ಹೇಳಿದ್ದೇನೆ ನಿನಗೆ? ನಾನು ಸುಮ್ಮಸುಮ್ಮನೆ ಮುಂದೆ ಬರುವವನಾ? ನಾನು ಎಂಥವನು ಅಂತ ಗೊತ್ತುಂಟಲ್ಲ."

"ಗೊತ್ತುಂಟು. ನನಗಲ್ಲದೆ ಇನ್ಯಾರಿಗೆ ಗೊತ್ತು?"

ಅಡುಗೆಮನೆಗೆ ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡು ಮಗಳಿಗೆ ಫೋನು ಮಾಡಿದಳು. "ಪಪ್ಪನ ಎಲೆ ನೋಡಿದೆ ಮಗಾ" ಎಂದಳು. "ನಾಳೆ ಬಾ. ಡಾಕ್ಟರ ಹತ್ತಿರ ಹೋಗುವಾ."

ಆ ಕಡೆಯಿಂದ ಜ್ಯೋತ್ಸ್ನಾ, "ಬರ್ತೇನೆ ಅಮ್ಮ" ಎಂದಳು, ಕನ್ನಡದಲ್ಲಿ.

ಹೊರಗೆ ಜಯಶೀಲ ಕೆಂಪು ಕಾಳುಗಳನ್ನು ಒಟ್ಟುಮಾಡುತ್ತಿದ್ದ. "ರತ್ನಾ, ಬಾ ಮಾರಾಯ್ತಿ" ಎಂದು ಖುಷಿಯಿಂದ ಕರೆದ, "ಒಂದು ಸಲ ಸೋತದ್ದಕ್ಕೆ ಹೀಗೆ ಎದ್ದು ಓಡುವುದಾ?"