ಅವಳ ಸೊಂಟದ ಅಳತೆ

ನಮ್ಮ ಚಿಕ್ಕವಳು ಅಂದ್ರೆ ನನ್ನ ಮೈದುನನ ಹೆಂಡತಿ. ನನಗಿಂತ ಮೂರೇ ವರ್ಷಕ್ಕೆ ಚಿಕ್ಕವಳು. ಅವಳ ಕಥೆ ಹೇಳ್ತೀನಿ ಅಂತ ಕೂತಿದೀನಿ, ಆದ್ರೆ ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನನಗೆ ಅವಳನ್ನ ಕಂಡ್ರೆ ಹೊಟ್ಟೆಕಿಚ್ಚು. ಇದರಲ್ಲಿ ಮುಚ್ಚುಮರೆ ಏನು ಬಂತು? ವಾರಗಿತ್ತಿಯ ಏಳಿಗೆ ನೋಡಿ ಹೊಟ್ಟೆ ತಣ್ಣಗಿದ್ದವಳನ್ನ ನಾನಂತೂ ಇದುವರೆಗೆ ನೋಡಿಲ್ಲ.

ಮೊದಲು ಹಾಗಿರಲಿಲ್ಲ. ಇಬ್ಬರದೂ ಒಂದೇ ಗಾತ್ರ, ಒಂದೇ ನಡಿಗೆ. ಬೀದಿಯವರು ನಮ್ಮನ್ನ ಜೋಡಿ ಪೀಪಾಯಿ ಅಂತಿದ್ರು. ಎದುರಿಗಲ್ಲ, ಆದ್ರೆ ನಮ್ಮ ಕಿವಿಗೆ ಬೀಳೋ ಹಾಗೆ. ಅನ್ನಲಿ ಬಿಡು ಅಂತ ನಾವೂ ನಗ್ತಿದ್ವಿ. ನಾನು ಮನೆಯ ಮುಂದಿನ ಕೋಣೆಯಲ್ಲಿ ಮಷೀನ್ ಹಾಕ್ಕೊಂಡು ಬಟ್ಟೆ ಹೊಲಿಯೋಳು. ಅವಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡೋ ಕಿಟಕಿ ಹಿಂದೆ ಕೂರೋಳು. ಇಬ್ಬರದೂ ಕೂತಲ್ಲೇ ಕೆಲಸ. ನಾಲ್ಕೂವರೆಗೆ ಅವಳು ಮನೆಗೆ ಬಂದಳು ಅಂದ್ರೆ ಒಂದು ಪೊಟ್ಟಣ ಬಿಸ್ಕತ್ತು, ನಾಲ್ಕು ಬನ್ನು, ಎರಡೆರಡು ಲೋಟ ಟೀ. ನೆಲದ ಮೇಲೆ ಬಟ್ಟೆ ಚೂರುಗಳ ಮಧ್ಯೆ ಕಾಲು ಚಾಚ್ಕೊಂಡು, ನಮ್ಮತ್ತೆಯಿಂದ ಹಿಡಿದು ಅವಳ ಮೇಲಧಿಕಾರಿ ತನಕ ಎಲ್ಲರನ್ನೂ ಆಡ್ಕೊಳ್ತಿದ್ವಿ. ದಿನದಲ್ಲಿ ನನಗೆ ಸುಖ ಅಂತಿದ್ದಿದ್ದು ಆ ಒಂದು ಗಂಟೆ.

ಸುಮಾರು ಮೂರು ವರ್ಷದ ಹಿಂದೆ ಇಬ್ಬರಿಗೂ ಮಂಡಿ ನೋವು ಜಾಸ್ತಿಯಾಗಿ ಒಟ್ಟಿಗೇ ಡಾಕ್ಟರಮ್ಮನ ಹತ್ತಿರ ಹೋದ್ವಿ. ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆ ಬಾಗಿಲಲ್ಲೇ ನಿಂತಿದೆ, ಇಬ್ಬರೂ ತೂಕ ಇಳಿಸಿ ಅಂದ್ರು. "ಹತ್ತು ದಿನದಲ್ಲಿ ಇಳಿಸಿದ್ದು ಹದಿನೈದು ದಿನದಲ್ಲಿ ವಾಪಸ್ ಬರುತ್ತೆ. ಸಾಯೋ ತನಕ ಮಾಡೋಕೆ ಆಗೋದೇನಿದೆಯೋ ಅದನ್ನ ಮಾತ್ರ ಬದಲಾಯಿಸಿ," ಅಂತಲೂ ಅಂದ್ರು. ಆ ಮಾತು ನನ್ನ ಈ ಕಿವಿಯಲ್ಲಿ ಹೋಗಿ ಆ ಕಿವಿಯಲ್ಲಿ ಬಂತು.

ನನ್ನದು ಯಾವಾಗಲೂ ಮಾಡಿದ್ರೆ ಪೂರ್ತಿ, ಇಲ್ಲ ಅಂದ್ರೆ ಏನೂ ಇಲ್ಲ. ಮಾರನೇ ದಿನದಿಂದಲೇ ಬರೀ ಸೌತೆಕಾಯಿ, ನಿಂಬೆ ನೀರು. ಹನ್ನೆರಡು ದಿನಕ್ಕೆ ಐದು ಕಿಲೋ ಇಳಿದೆ. ಮನೆಯವರ ಮೇಲೆಲ್ಲ ಹರಿಹಾಯ್ದೆ, ಗಿರಾಕಿಯೊಬ್ಬರ ತೋಳಿನ ಅಳತೆ ಕಾಲಿಗೆ ಕತ್ತರಿಸಿದೆ. ಹದಿಮೂರನೇ ದಿನ ಬೇಕರಿ ಮುಂದೆ ಹೋಗ್ತಿದ್ದವಳು ಒಳಗೆ ಹೋದೆ. ಅಷ್ಟೇ. ಐದು ಹೋಗಿ ಏಳು ಬಂತು.

ಚಿಕ್ಕವಳು ಏನು ಮಾಡಿದಳು ಗೊತ್ತಾ? ಮೊದಲ ತಿಂಗಳು ಟೀಗೆ ಎರಡು ಚಮಚ ಸಕ್ಕರೆ ಹಾಕ್ಕೊಳ್ತಿದ್ದವಳು ಒಂದು ಹಾಕ್ಕೊಂಡಳು. ಬೇರೇನೂ ಇಲ್ಲ. "ಇದೇನೇ, ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ," ಅಂತ ನಾನು ನಕ್ಕೆ. ಎರಡನೇ ತಿಂಗಳು ತಟ್ಟೆಯಲ್ಲಿ ಅನ್ನ ಒಂದು ಹಿಡಿ ಕಮ್ಮಿ, ಪಲ್ಯ ಎರಡು ಹಿಡಿ ಜಾಸ್ತಿ, ಜೊತೆಗೆ ಬೇಳೆಯೋ ಮೊಟ್ಟೆಯೋ. ಆಮೇಲೆ ಬಸ್ಸಿಂದ ಒಂದು ನಿಲ್ದಾಣ ಮೊದಲೇ ಇಳಿದು ನಡ್ಕೊಂಡು ಬರೋಕೆ ಶುರು ಮಾಡಿದಳು. ಆಮೇಲೆ ಎರಡು ನಿಲ್ದಾಣ. ರಾತ್ರಿ ಊಟ ಏಳೂವರೆಗೆ, ನಿದ್ದೆ ಹತ್ತಕ್ಕೆ. ಯಾರಾದರೂ ಕೇಕು ಕೊಟ್ಟರೆ ಬೇಡ ಅನ್ನಲ್ಲ, ಒಂದು ತುಂಡು ತಿಂದು ಕೈ ತೊಳ್ಕೊಳ್ತಾಳೆ. ಅದೇ ನನ್ನ ಹೊಟ್ಟೆ ಉರಿಸಿದ್ದು. ಪೂರ್ತಿ ಬಿಟ್ಟಿದ್ದರೆ ಪಾಪ ಅನ್ನಬಹುದಿತ್ತು. ಒಂದು ತುಂಡು ತಿಂದು ಸುಮ್ಮನಿರೋಕೆ ನನಗೆ ಈ ಜನ್ಮದಲ್ಲಿ ಬಂದಿಲ್ಲ.

ಡಾಕ್ಟರಮ್ಮ ಆಗಾಗ ನೋಡಿದ್ದು ಬಿಟ್ಟರೆ ಅವಳು ತೂಕದ ಕಾಟಾ ಹತ್ತುತ್ತಲೇ ಇರಲಿಲ್ಲ. "ದಿನಾ ಅಂಕಿ ನೋಡಿದ್ರೆ ತಲೆ ಕೆಡುತ್ತೆ ಅಕ್ಕ. ನನ್ನ ಪ್ಯಾಂಟು ಹೇಳುತ್ತೆ ಬಿಡಿ," ಅಂತಿದ್ದಳು. ಅವಳ ಕೆಲಸಕ್ಕೆ ಯೂನಿಫಾರ್ಮು, ಮೂರು ಜೊತೆ ನೀಲಿ ಅಂಗಿ, ಕಪ್ಪು ಪ್ಯಾಂಟು. ಎರಡು ಮೂರು ತಿಂಗಳಿಗೊಮ್ಮೆ ತಂದು, "ಅಕ್ಕ, ಸೊಂಟ ಸ್ವಲ್ಪ ಹಿಡಿದು ಕೊಡಿ," ಅನ್ನೋಳು. ನಾನು ಅಳತೆ ತಗೊಂಡು ಹಿಂದಿನ ಹೊಲಿಗೆ ಬಿಚ್ಚಿ ಹಿಡಿದು ಕೊಡ್ತಿದ್ದೆ. ನಲವತ್ತೆರಡು, ನಲವತ್ತೊಂದು, ಮೂವತ್ತೊಂಬತ್ತು, ಮೂವತ್ತಾರು. ಅವಳು ಇಳಿದಿದ್ದನ್ನ ಇಂಚಿಂಚಾಗಿ ನನ್ನ ಕೈಯಾರೆ ಬರ್ಕೊಂಡವಳು ನಾನು. ನಾಲ್ಕೂವರೆಗೆ ಬಂದು ಕೂರೋದೂ ನಿಂತುಹೋಯ್ತು. ನಡ್ಕೊಂಡು ಬರೋದರಿಂದ ತಡ ಆಗೋದು, ಬಂದವಳು ಒಂದು ಹಣ್ಣು ತಿಂದು ಮಹಡಿ ಮೇಲಿನ ತನ್ನ ಕೋಣೆಗೆ ಹೋಗೋಳು. ನಾನೊಬ್ಬಳೇ ಪೊಟ್ಟಣ ಬಿಚ್ಚಿಕೊಂಡು ಕೂರೋದು.

ಅತ್ತೆ ಬೇರೆ. "ನೋಡಿ ಕಲಿ," ಅಂತ ಬಾಯಿ ಬಿಟ್ಟು ಹೇಳಿದ್ದರೆ ನಾನೂ ಜಗಳ ಆಡ್ತಿದ್ದೆ. ಅವರು ಹಾಗೆ ಹೇಳೋರಲ್ಲ. ಅವಳನ್ನ ನೋಡೋರು, ನನ್ನ ನೋಡೋರು, ಆಮೇಲೆ ನನ್ನ ತಟ್ಟೆ ನೋಡೋರು.

ಅದನ್ನೂ ತಡ್ಕೊಂಡೆ. ಒಂದು ದಿನ ಹೊಸ ಗಿರಾಕಿ ಒಬ್ಬರು ಬಟ್ಟೆ ತಗೊಂಡು ಹೋಗೋಕೆ ಬಂದಿದ್ರು. ಚಿಕ್ಕವಳು ಅಂಗಳ ದಾಟಿ ಒಳಗೆ ಬಂದಳು, ನಕ್ಕಳು, ಮೆಟ್ಟಿಲು ಹತ್ತಿ ಹೋದಳು. ಆಯಮ್ಮ ನನ್ನ ಕಡೆ ತಿರುಗಿ, "ನಿಮ್ಮ ಮಗಳಾ?" ಅಂತ ಕೇಳಿದ್ರು.

ಮೂರು ವರ್ಷದ ಅಂತರ ರೀ ನಮಗೆ. ಮೂರು.

ಆ ವಾರ ಅವಳು ಒಂದು ಪ್ಯಾಂಟು ತಂದು, ಗುಂಡಿ ಸಡಿಲ ಆಗಿದೆ, ಹಾಕಿ ಕೊಡಿ ಅಂದಳು. ಗುಂಡಿ ಹಾಕಿದೆ. ಕೈ ಅಲ್ಲಿಗೇ ನಿಲ್ಲಲಿಲ್ಲ. ಹಿಂದಿನ ಹೊಲಿಗೆ ಬಿಚ್ಚಿ ಒಂದಿಂಚು ಒಳಗೆ ಹಿಡಿದೆ. ಮಿಕ್ಕ ಎರಡು ಪ್ಯಾಂಟು ಒಗೆದು ಹಗ್ಗದ ಮೇಲೆ ಒಣಗ್ತಿದ್ದವು. ಇಸ್ತ್ರಿ ಮಾಡ್ತೀನಿ ಅಂತ ತಂದು ಅವಕ್ಕೂ ಅದನ್ನೇ ಮಾಡಿದೆ. ಅದೇ ಕಪ್ಪು ದಾರ, ಅದೇ ಸಣ್ಣ ಹೊಲಿಗೆ. ಇಪ್ಪತ್ತೆರಡು ವರ್ಷದ ಕೈ ನನ್ನದು, ಯಾರಿಗೂ ಗೊತ್ತಾಗಲ್ಲ.

ಮಾರನೇ ಬೆಳಿಗ್ಗೆ ಅವಳು ಸೊಂಟ ಹಿಡ್ಕೊಂಡು ಕೆಳಗೆ ಬಂದಳು. ಮುಖ ಬಾಡಿಹೋಗಿತ್ತು. "ಅಕ್ಕ, ವಾಪಸ್ ಬರ್ತಿದೆ ಅನ್ಸುತ್ತೆ."

"ಒಗೆದು ಕುಗ್ಗಿರಬೇಕು ಬಿಡೇ," ಅಂದ್ರು ಅತ್ತೆ.

"ಎರಡು ವರ್ಷದಿಂದ ಒಗೀತಾ ಇರೋ ಪ್ಯಾಂಟು ಅತ್ತೆ. ಮೂರೂ ಒಟ್ಟಿಗೆ ಈಗ ಕುಗ್ಗುತ್ವಾ?"

ನನಗೆ ಹಾಲು ಕುಡಿದಷ್ಟು ಸಂತೋಷ ಆಯ್ತು. ಹೌದು, ಆಯ್ತು. ಸಂಜೆ ಅವಳಿಗೆ ಬಿಸ್ಕತ್ತಿನ ಪೊಟ್ಟಣ ಮುಂದೆ ಮಾಡಿ, "ಎಷ್ಟು ದಿನ ಅಂತ ಬಾಯಿ ಕಟ್ಟಿಕೊಂಡಿರ್ತೀಯ, ಬಾ ಕೂತ್ಕೋ," ಅಂದೆ. ಎರಡು ವರ್ಷದ ಕಷ್ಟ ನೀರಲ್ಲಿ ಹೋಮ ಆಯ್ತು ಅಂತ ಅವಳೇ ಸೋತು ಪಕ್ಕದಲ್ಲಿ ಕೂರ್ತಾಳೆ, ನಾವು ಮತ್ತೆ ಮೊದಲಿನ ಹಾಗೆ ಇರ್ತೀವಿ ಅಂತ ಲೆಕ್ಕ ಹಾಕಿದ್ದೆ. ಅವಳು ತಲೆ ಅಲ್ಲಾಡಿಸಿ ಮೇಲೆ ಹೋದಳು.

ಅವತ್ತು ರಾತ್ರಿ ಊಟ ಮಾಡಲಿಲ್ಲ. ಮಾರನೇ ದಿನ ಬೆಳಗಿನ ತಿಂಡಿಯೂ ಇಲ್ಲ. ಎರಡು ವರ್ಷ ಒಂದು ಹೊತ್ತೂ ಉಪವಾಸ ಬೀಳದೆ, ಹೊಟ್ಟೆ ತುಂಬ ತಿಂದೇ ಇಳಿದವಳು ನನ್ನ ಹಳೇ ದಾರಿ ಹಿಡಿದಳು. ಬಸ್ಸೇ ಹತ್ತದೆ ಪೂರ್ತಿ ನಡೆಯೋಕೆ ಶುರು ಮಾಡಿದಳು. ಊಟಕ್ಕೆ ಎಲ್ಲರ ಜೊತೆ ಕೂರೋಳು, ಒಂದು ಲೋಟ ನೀರು ಕುಡಿಯೋಳು, ಎದ್ದು ಹೋಗೋಳು. ಮೈದುನ ಬೈದ, ಅತ್ತೆ ಗೊಣಗಿದ್ರು. ನಾನು ಪಲ್ಯ ಬಡಿಸ್ಕೊಂಡು ತಿಂದೆ. ಇವತ್ತು ಹೇಳೋಣ, ನಾಳೆ ಹೇಳೋಣ ಅಂದ್ಕೊಂಡೆ. ಹೇಳಿದರೆ ಈ ಮನೆಯಲ್ಲಿ ನನ್ನ ಮುಖ ಎಲ್ಲಿಟ್ಕೊಳ್ಳಲಿ? ಹಾಗೇ ಹತ್ತು ದಿನ ಹೋಯ್ತು.

ಹನ್ನೊಂದನೇ ದಿನ ಮಧ್ಯಾಹ್ನ ನಿಲ್ದಾಣದಿಂದ ಫೋನು ಬಂತು. ಟಿಕೆಟ್ ಹರಿದು ಕೊಡ್ತಾ ಕೊಡ್ತಾ ಮುಂದಕ್ಕೆ ಕುಸಿದಿದ್ದಳಂತೆ. ಹಣೆ ಮೇಜಿನ ಅಂಚಿಗೆ ಬಡಿದು ಹುಬ್ಬಿನ ಮೇಲೆ ಸೀಳಿತ್ತು. ಮಷೀನ್ ಮೇಲಿದ್ದ ಬಟ್ಟೆ ಹಾಗೇ ಬಿಟ್ಟು ಓಡಿದೆ. ಈ ಮಂಡಿ ಇಟ್ಕೊಂಡು ನಾನು ಓಡಿದ್ದು ಅದೇ ಕೊನೆ.

ಅದೇ ಡಾಕ್ಟರಮ್ಮ. ಹಣೆಗೆ ಮೂರು ಹೊಲಿಗೆ ಹಾಕಿದ್ರು. ಆಮೇಲೆ ತೂಕ ನೋಡಿ, "ಊಟ ಯಾಕಮ್ಮ ಬಿಟ್ಟೆ?" ಅಂತ ಕೇಳಿದ್ರು.

"ತೂಕ ವಾಪಸ್ ಬರ್ತಿತ್ತು ಡಾಕ್ಟ್ರೇ."

"ಯಾರು ಹೇಳಿದ್ದು? ಹೋದ ತಿಂಗಳು ಇಲ್ಲೇ ನೋಡಿದ್ದೀನಿ, ಬರ್ದಿಟ್ಟಿದ್ದೀನಿ. ಅದಕ್ಕಿಂತ ಮೂರೂವರೆ ಕಿಲೋ ಕಮ್ಮಿ ಇದೀಯ."

"ಪ್ಯಾಂಟು ಬಿಗಿ ಆಗಿದೆ..." ಅಂದವಳು ಅಲ್ಲಿಗೇ ನಿಲ್ಲಿಸಿದಳು. ನನ್ನ ಕಡೆ ತಿರುಗಲಿಲ್ಲ. ಆದ್ರೂ ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ನಾನು ಕೈ ಎರಡೂ ಸೆರಗಿನೊಳಗೆ ಮುಚ್ಕೊಂಡೆ.

ಹೊರಗೆ ಬೆಂಚಿನ ಮೇಲೆ ಕೂತಾಗ ಹೇಳಿದೆ. "ನಾನೇ ಹಿಡಿದಿದ್ದು ಕಣೇ. ಮೂರಕ್ಕೂ ಒಂದೊಂದು ಇಂಚು."

"ಯಾಕೆ ಅಕ್ಕ?"

"ಹೊಟ್ಟೆಕಿಚ್ಚು."

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಕೆನ್ನೆಗೆ ಬಿಟ್ಟಿದ್ದರೂ ಸರಿ. ಹಣೆಯ ಪಟ್ಟಿ ಮುಟ್ಟಿ ನೋಡ್ಕೊಂಡು, "ಪ್ಯಾಂಟು ಹೋಗಲಿ ಬಿಡಿ," ಅಂದಳು. "ಹತ್ತು ದಿನ ನಿಮ್ಮೆದುರಿಗೇ ಹಸ್ಕೊಂಡು ಕೂತಿದ್ದೆ. ನೀವು ನೋಡ್ತಾ ನೋಡ್ತಾ ಊಟ ಮಾಡಿದ್ರಿ."

ನಾನು ಡಾಕ್ಟರಮ್ಮನ ಚೀಟಿ ತಗೊಂಡು ಔಷಧಿ ತರೋಕೆ ಎದ್ದು ಹೋದೆ.

ಮನೆಯಲ್ಲಿ ಅವಳು ಯಾರಿಗೂ ಹೇಳಲಿಲ್ಲ. ಅವತ್ತೇ ಏಳೂವರೆಗೆ ಎಲ್ಲರ ಜೊತೆ ಕೂತು ಅನ್ನ, ಪಲ್ಯ, ಬೇಳೆ ಹಾಕಿಸ್ಕೊಂಡು ಮೊದಲಿನ ಹಾಗೆ ಊಟ ಮಾಡಿದಳು. ವಾರ ಕಳೆದು ಮತ್ತೆ ಎರಡು ನಿಲ್ದಾಣ ಮೊದಲೇ ಇಳಿದು ನಡೆಯೋಕೆ ಶುರು ಮಾಡಿದಳು. ನಾನು ಹೋಗಿ ಆ ನಿಲ್ದಾಣದಲ್ಲಿ ನಿಂತೆ. ಬೇಡ ಅನ್ನಲಿಲ್ಲ. ಬನ್ನಿ ಅಂತಲೂ ಅನ್ನಲಿಲ್ಲ. ಮೊದಮೊದಲು ಅವಳು ಮುಂದೆ, ನಾನು ಹಿಂದೆ ಏದುಸಿರು ಬಿಟ್ಕೊಂಡು. ಈಗ ಎಂಟು ತಿಂಗಳಾಯ್ತು, ಪಕ್ಕಪಕ್ಕದಲ್ಲೇ ನಡೀತೀವಿ. ನನ್ನ ಟೀಗೆ ಸಕ್ಕರೆ ಅರ್ಧ ಚಮಚಕ್ಕೆ ಬಂದಿದೆ. ಆರು ಕಿಲೋ ಇಳಿದಿದೀನಿ, ನಿಧಾನಕ್ಕೆ, ಅವಳ ಹಾಗೇ. ಇಳಿದಿದ್ದು ಇನ್ನೂ ವಾಪಸ್ ಬಂದಿಲ್ಲ. ಅತ್ತೆ ಬಗ್ಗೆ, ಆ ಮೇಲಧಿಕಾರಿ ಬಗ್ಗೆ ಮಾತಾಡ್ಕೊಂಡು ನಗ್ತೀವಿ ಕೂಡ. ನೋಡಿದವರಿಗೆ ಅಕ್ಕತಂಗಿಯರು ಅನ್ನಿಸಬೇಕು.

ಆದ್ರೆ ಅವಳ ಬಟ್ಟೆ ಈಗ ಎರಡು ಬೀದಿ ಆಚೆ ಇರೋ ಒಬ್ಬ ದರ್ಜಿ ಹತ್ತಿರ ಹೋಗುತ್ತೆ. ಅವಳು ಇಳಿದಿದ್ದರ ಮೇಲಿನ ಹೊಟ್ಟೆಕಿಚ್ಚು ಹೋಯ್ತು ಅಂತ ಹೇಳಿದರೆ ಸುಳ್ಳಾಗುತ್ತೆ. ಆದ್ರೆ ಈಗ ಜಾಸ್ತಿ ಇರೋದು ಆ ದರ್ಜಿ ಮೇಲೆ. ಅವನು ಟೇಪು ಹಿಡಿದು ಒಂದು ಅಂಕಿ ಹೇಳ್ತಾನೆ, ಅವಳು ಹೂಂ ಅಂತಾಳೆ.

ಅವನಿಗೆ ಕೆಲಸ ಬರಲ್ಲ. ಹೋದ ವಾರ ಹೊಲಿದು ಕೊಟ್ಟ ನೀಲಿ ಅಂಗಿಯ ಬಲಭುಜ ಒಂದು ಬೆರಳು ಕೆಳಗೆ ಇಳಿದಿದೆ. ಪಕ್ಕದಲ್ಲಿ ನಡೀವಾಗ ದಿನಾ ನನ್ನ ಕಣ್ಣಿಗೆ ಬೀಳುತ್ತೆ. ಹತ್ತು ನಿಮಿಷದ ಕೆಲಸ, ಕೊಡೇ ಸರಿ ಮಾಡ್ತೀನಿ ಅಂತ ಬಾಯಿ ತುದಿ ತನಕ ಬರುತ್ತೆ. ಹೇಳಲ್ಲ. ಬಟ್ಟೆ ಸರಿ ಇಲ್ಲ ಅಂತ ನಾನು ಹೇಳಿದ್ರೆ ಅವಳು ಯಾಕೆ ನಂಬಬೇಕು?